ಜಪಾನ್ ಕಲ್ಲಿನ ತಾವರೆ

ನನ್ನ ಅತ್ತೆ ಆದಿಲಕ್ಷ್ಮಮ್ಮನ ಪ್ರಕಾರ ಕಲ್ಲುಗಳಲ್ಲಿ ಎರಡೇ ಕುಲ. ದೇವರಾಗಿ ಗುಡಿ ಸೇರಿದವು ಒಂದು, ದೇವರಾಗಲು ಆಗದೆ ಅಡುಗೆಮನೆ ಸೇರಿದವು ಇನ್ನೊಂದು. ನಾನು ಮನೆಗೆ ತಂದ ಜಪಾನ್ ಕಲ್ಲು ಎರಡರಲ್ಲೂ ಸೇರದೆ ಅವರಿಗೆ ಬಹಳ ದಿನ ತಲೆನೋವಾಗಿತ್ತು. ಇಟ್ಟಿಗೆಯ ಬಣ್ಣ, ಇಟ್ಟಿಗೆಯ ಅರ್ಧದಷ್ಟು ದಪ್ಪ, ಅಡಿಗೆ ಒಂದು ಮರದ ಹಲಗೆಯನ್ನು ಅಂಟಿಸಿಕೊಂಡು ಕೂತಿದ್ದ ಅದಕ್ಕೆ ಕೈಮುಗಿಯಬೇಕೋ ಅದರ ಮೇಲೆ ಚಟ್ನಿ ಅರೆಯಬೇಕೋ ಅವರಿಗೆ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರ ಕಣ್ಣು ಕುಕ್ಕಿದ್ದು ಅದರ ಸ್ನಾನ.

"ಬೇತಮಂಗಲದ್ ಕೆರೆ ನೀರು ನಮ್ಗೇ ವಾರಕ್ಕೊಂದ್ ಸಲ ಬರೋದು. ಇದ್ಕೆ ನೋಡು, ದಿನಾ ಮುಳುಗಿ ಮುಳುಗಿ ಸ್ನಾನ. ನಿಮ್ ಮಾವ ಇದ್ದಿದ್ರೆ ಈ ಕಲ್ ನೋಡಿ ಒಟ್ಟೆಕಿಚ್ ಪಡೋರು," ಎನ್ನುತ್ತಿದ್ದರು.

ನಾನು ತ್ರಿವೇಣಿ. ಆಂಡರ್ಸನ್‌ಪೇಟೆಯ ತರಕಾರಿ ಅಂಗಡಿಗಳ ಸಾಲಿನಲ್ಲಿ ಒಂದು ಮೇಜು ಹಾಕಿಕೊಂಡು ಚಾಕು, ಕತ್ತರಿ, ಮಚ್ಚು ಹರಿತ ಮಾಡಿಕೊಡುತ್ತೇನೆ. ಸೈಕಲ್ ತುಳಿದು ಚಕ್ರದಲ್ಲಿ ಕಿಡಿ ಹಾರಿಸುವ ಸಾಣೆಯವರು ನಮ್ಮೂರಿಗೂ ಬರುತ್ತಾರೆ. ಕಿಡಿ ನೋಡಲು ಚೆಂದ, ಆದರೆ ಅದರ ಜೊತೆಗೆ ಚಾಕುವಿನ ಆಯುಸ್ಸೂ ಹಾರಿಹೋಗುತ್ತದೆ. ನನ್ನದು ಕಿಡಿಯಿಲ್ಲದ, ಸದ್ದಿಲ್ಲದ ಕೆಲಸ. ಸದ್ದೆಲ್ಲ ಬಾಯಲ್ಲಿ ಎಂದು ನನ್ನ ಗಂಡ ಮುನೇಶ್ ಹೇಳುತ್ತಾನೆ. ಹೇಳಲಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು ಹಳೆಯ ಚಿನ್ನದ ಗಣಿಯ ಕೋರಮಂಡಲ್ ಲೈನ್ ಮನೆಗಳಿಗೆಲ್ಲ ಗೊತ್ತಿರುವ ಸಂಗತಿ, ನಾನೇನೂ ಮುಚ್ಚಿಟ್ಟಿಲ್ಲ.

ಈ ವಿದ್ಯೆ ನನಗೆ ಬಂದದ್ದು ನರಸಾಪುರದ ಕಡೆಯ ಒಂದು ಗೆಸ್ಟ್‌ಹೌಸಿನ ಅಡುಗೆಮನೆಯಲ್ಲಿ. ಫ್ಯಾಕ್ಟರಿ ಕೆಲಸಕ್ಕೆ ಬರುವ ಜಪಾನಿನವರು ಅಲ್ಲಿ ಇಳಿದುಕೊಳ್ಳುತ್ತಿದ್ದರು, ನಾನು ತರಕಾರಿ ಹೆಚ್ಚುತ್ತಿದ್ದೆ. ಅಡುಗೆಯ ಮುದುಕ ಮೊರಿಟಾ ಅವರಿಗೆ ಬರುತ್ತಿದ್ದ ಕನ್ನಡ ಎರಡೇ ಮಾತು: "ನೀರು", "ನಿಧಾನ". ಕಲ್ಲಿನ ಮೇಲೆ ಚಾಕುವನ್ನು ನಾನು ಬಟ್ಟೆ ಒಗೆಯುವವಳ ಹಾಗೆ ಉಜ್ಜಿದರೆ "ನಿಧಾನ" ಎನ್ನುವರು, ಕಲ್ಲು ಒಣಗಿದರೆ "ನೀರು" ಎನ್ನುವರು. ಆ ಎರಡು ಮಾತಿನಲ್ಲೇ ಅವರು ನನಗೆ ಎಲ್ಲ ಕಲಿಸಿಬಿಟ್ಟರು.

ಗೆಸ್ಟ್‌ಹೌಸ್ ಮುಚ್ಚುವ ದಿನ ಅವರು ತಮ್ಮ ಮೂರು ಕಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಒಂದು ತೆಗೆದುಕೋ ಎಂದು ಬೆರಳಲ್ಲೇ ಹೇಳಿದರು. ಒಂದು ಒರಟು, ಒಂದು ನುಣುಪು, ಒಂದು ಎರಡರ ನಡುವಿನದು. ನುಣುಪಿನದು ಹಾಲಿನ ಕೆನೆಯ ಬಣ್ಣಕ್ಕಿತ್ತು, ನನ್ನ ಕೈ ಮೊದಲು ಅದಕ್ಕೇ ಹೋಯಿತು. ಮುದುಕರು ನಕ್ಕು ಒಂದು ಮೊಂಡು ಚಾಕುವನ್ನೂ ಒಂದು ಹಣ್ಣು ಟೊಮೆಟೊವನ್ನೂ ನನ್ನ ಮುಂದಿಟ್ಟರು. ಕೆನೆ ಕಲ್ಲಿನ ಮೇಲೆ ಎಷ್ಟು ಹೊತ್ತು ಎಳೆದರೂ ಚಾಕು ಮಿರಮಿರ ಮಿಂಚಿತೇ ಹೊರತು ಟೊಮೆಟೊ ಸಿಪ್ಪೆ ದಾಟಲಿಲ್ಲ. ಒರಟಿನ ಮೇಲೆ ಎಳೆದರೆ ಚಾಕುವಿಗೆ ಬೇಗ ಹರಿತದ ಬಾಯಿ ಬಂತು, ಆದರೆ ಗರಗಸದ ಹಾಗೆ ಹಣ್ಣನ್ನು ಹರಿದುಹಾಕಿತು. ನಡುವಿನದರ ಮೇಲೆ ಎಳೆದಾಗ ಚಾಕುವಿನ ಭಾರಕ್ಕೇ ಟೊಮೆಟೊ ಎರಡು ಹೋಳಾಯಿತು. ಒಂದೇ ಕಲ್ಲು ಇಟ್ಟುಕೊಳ್ಳುವವರು ನಡುವಿನದನ್ನೇ ಇಟ್ಟುಕೊಳ್ಳಬೇಕು ಎಂದು ಆವತ್ತು ಕಲಿತೆ. ಬಾಯಿ ಮುಕ್ಕಾದ ಚಾಕುಗಳಿಗೆ ಬೇಕಾಗುತ್ತದೆಂದು ಒರಟು ಕಲ್ಲೊಂದನ್ನು ಆಮೇಲೆ ನಾನೇ ಕೊಂಡೆ, ಆದರೆ ಮೇಜು ನಡೆಸುವುದು ಆ ನಡುವಿನದೇ.

ಆರಿಸುವುದು ಸುಲಭ, ಸಾಕುವುದು ಕಷ್ಟ. ಕೆಲಸಕ್ಕೆ ಮುಂಚೆ ನೀರಿನಲ್ಲಿಟ್ಟರೆ ಕಲ್ಲು ಗುಳ್ಳೆ ಬಿಡುತ್ತದೆ. ಗುಳ್ಳೆ ನಿಂತರೆ ಅದರ ಹೊಟ್ಟೆ ತುಂಬಿತು ಎಂದರ್ಥ. ಕೆಲಸ ಮುಗಿದ ಮೇಲೆ ನೆರಳಿನಲ್ಲೇ ಆರಿಸಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ. ಎಣ್ಣೆಯಂತೂ ತಾಗಲೇಬಾರದು, ತಾಗಿದರೆ ಮತ್ತೆ ನೀರು ಕುಡಿಯುವುದಿಲ್ಲ. ಆಯುಧಪೂಜೆಯ ದಿನ ಅತ್ತೆ ಹರಳೆಣ್ಣೆ ಬಟ್ಟಲು ಹಿಡಿದು ಭಕ್ತಿಯಿಂದ ಅದರ ಕಡೆ ಬಂದಾಗ ನಾನು ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದ್ದೆ.

ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಮಟ್ಟ ಮಾಡುವುದು. ಚಾಕು ಓಡಾಡಿ ಓಡಾಡಿ ಕಲ್ಲಿನ ನಡು ತಗ್ಗಾಗುತ್ತದೆ. ತಗ್ಗಿದ ಕಲ್ಲಿನ ಮೇಲೆ ಯಾವ ಚಾಕುವಿನ ಬಾಯಿಯೂ ನೆಟ್ಟಗಾಗುವುದಿಲ್ಲ. ಅದಕ್ಕೆ ಒಂದು ಗಾಜಿನ ತುಂಡಿನ ಮೇಲೆ, ಗಾಡಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ಎಂಬ ಉಜ್ಜುವ ಕಾಗದವನ್ನು ಒದ್ದೆ ಮಾಡಿ ಹಾಸಿ, ಕಲ್ಲನ್ನು ಬೋರಲು ಹಾಕಿ ತಿಕ್ಕುತ್ತೇನೆ. ನೆಲ, ಹಲಗೆ, ಚಪ್ಪಡಿ ಎಲ್ಲ ಮಟ್ಟವಾಗಿ ಕಾಣುತ್ತವೆ ಅಷ್ಟೆ, ಗಾಜು ಮಾತ್ರ ಸುಳ್ಳು ಹೇಳುವುದಿಲ್ಲ. ನನ್ನ ಆ ಗಾಜಿನ ತುಂಡು ಯುಗಾದಿ ಹತ್ತಿರ ಬರುತ್ತಿದ್ದಾಗ ಬೆಕ್ಕಿನ ಕಾಲಿಗೆ ಸಿಕ್ಕಿ ಚೂರುಚೂರಾಯಿತು.

ಅದೇ ವಾರವೇ ವೆಂಕಟೇಶಪ್ಪ ನನ್ನ ಮೇಜಿನ ಮುಂದೆ ಬಂದು ನಿಲ್ಲಬೇಕೆ! ಬಂಗಾರಪೇಟೆಯ ದೊಡ್ಡ ಅಡುಗೆ ಕಂಟ್ರಾಕ್ಟರು ಅವರು. ಸುತ್ತಮುತ್ತ ಯಾವ ಮದುವೆಯಾದರೂ ಸಾರಿನ ಕೊಳಗ ಅವರದೇ. ನಾನು ಹರಿತ ಮಾಡಿಟ್ಟಿದ್ದ ಯಾರದೋ ಚಾಕುವನ್ನು ಹೆಬ್ಬೆರಳಿಗೆ ಅಡ್ಡಲಾಗಿ ಸವರಿ ನೋಡಿದರು.

"ಬೇತಮಂಗಲದಾಗೆ ಒಂದ್ ಮದುವೆ ಐತಮ್ಮ. ನಾಡಿದ್ದು ಬೆಳಿಗ್ಗೆ ನಮ್ ಚಾಕುಗಳ್ನ ತತ್ತೀನಿ, ನಿನ್ ಕೈಗುಣ ನೋಡೇ ಬುಡ್ತೀನಿ. ಸರಿ ಓಯ್ತು ಅಂದ್ರೆ ವರ್ಸವೆಲ್ಲಾ ನಮ್ ಚಾಕು ನಿನ್ತಾವೇ ಬತ್ತವೆ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡ, ಮಿಷನ್ ಸಾಣೆಯೋನ್ತಾಕ್ ಓಯ್ತೀನಿ," ಎಂದರು.

ಯುಗಾದಿಯವರೆಗೆ ನೋಡುತ್ತೇನೆ, ಅಷ್ಟರಲ್ಲಿ ಈ ಮೇಜು ಕಾಲೂರದಿದ್ದರೆ ಬಾಯಿ ಮುಚ್ಚಿಕೊಂಡು ಗಾರ್ಮೆಂಟ್ ಫ್ಯಾಕ್ಟರಿಯ ಬಸ್ಸು ಹತ್ತುತ್ತೇನೆ ಎಂದು ಮುನೇಶನಿಗೆ ನಾನೇ ಮಾತು ಕೊಟ್ಟಿದ್ದೆ. ನನ್ನ ಬಾಯಿ ಮುಚ್ಚುವುದು ಎಷ್ಟು ಕಷ್ಟ ಎಂದು ಅವನಿಗೂ ಗೊತ್ತು. ಈ ಒಬ್ಬರು ಒಪ್ಪಿದರೆ ಮೇಜು ಉಳಿಯುತ್ತದೆ. ಒಪ್ಪದಿದ್ದರೆ ಇಲ್ಲ.

ಸಂಜೆ ಮನೆಯಲ್ಲಿ ಕಲ್ಲನ್ನು ತಿರುಗಿಸಿ ಮುರುಗಿಸಿ ನೋಡುತ್ತ ಒಬ್ಬಳೇ ಗೊಣಗಿದೆ. "ಸವೆದೋಗೈತೆ ಕಲ್ಲು. ಆ ಯಪ್ಪ ಬರೋದ್ರೊಳಗೆ ಸರಿ ಮಾಡ್ಲಿಲ್ಲಾಂದ್ರೆ ನನ್ ಕತೆ ಮುಗೀತು." ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು.

ಮರುದಿನ ಕಲ್ಲನ್ನು ಮನೆಯಲ್ಲೇ ಬಿಟ್ಟು ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ವಾಟರ್ ಪೇಪರ್ ಸಿಕ್ಕಿತು. ಗಾಜಿನಂಗಡಿಯವರ ಮನೆಯಲ್ಲಿ ಯಾರೋ ತೀರಿಕೊಂಡು ಬಾಗಿಲು ಹಾಕಿತ್ತು. ಮುನೇಶ್ ಕೆಲಸ ಮಾಡುವ ಪಾನಿಪುರಿ ಅಂಗಡಿಗೆ ಹೋಗಿ ಮುಖ ಊದಿಸಿಕೊಂಡು ನಿಂತೆ. ಅವನು ಒಂದು ಪ್ಲೇಟು ಪಾನಿಪುರಿ ಕೈಗಿಟ್ಟ. ನಮ್ಮ ಬಂಗಾರಪೇಟೆಯ ಪಾನಿ ನೋಡಲು ಬರೀ ನೀರು, ಬಾಯಿಗೆ ಬಿದ್ದ ಮೇಲೆ ಗೊತ್ತಾಗುವುದು ಅದರ ಖಾರ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಚಿಂತೆಗೋ ಯಾರಿಗೂ ತಿಳಿಯದ ಹಾಗೆ ಅಲ್ಲೇ ಸ್ವಲ್ಪ ಅತ್ತು, ಮಧ್ಯಾಹ್ನದ ರೈಲಿಗೆ ವಾಪಸು ಬಂದೆ.

ಮನೆ ಜಗುಲಿಯಲ್ಲಿ ಒಬ್ಬ ಹೆಂಗಸು ಕಾಫಿ ಕುಡಿಯುತ್ತ ಕೂತಿದ್ದಳು. ಪಕ್ಕದಲ್ಲಿ ಒಂದು ಸುತ್ತಿಗೆ, ಎರಡು ಉಳಿ. ಅತ್ತೆಯ ಮುಖ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು.

"ಬಾ ಬಾ, ನಿನ್ ಚಿಂತೆ ತೀರ್ತು. ಕಲ್ ಸವೆದೋಗೈತೆ ಅಂತ ಅಳ್ತಾ ಇದ್ದಲ್ಲ, ಈ ಕದಿರಮ್ಮನ ಕೈಲಿ ಕುಟ್ಟಿಸ್ಬುಟ್ಟೆ. ನೋಡು ಎಂಗೈತೆ!"

ಕಲ್ಲು ಕುಟ್ಟಿಸುವುದೆಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ರುಬ್ಬುವ ಕಲ್ಲು ಸವೆದು ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟು ಆಗುವುದಿಲ್ಲ. ಆಗ ಬೀದಿಯಲ್ಲಿ ಕೂಗಿಕೊಂಡು ಬರುವ ಇಂಥ ಹೆಂಗಸರು ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಅದನ್ನು ಮತ್ತೆ ಒರಟು ಮಾಡಿಕೊಡುತ್ತಿದ್ದರು. ಅತ್ತೆಯ ಕಾಲದವರಿಗೆ ಕಲ್ಲು ಸವೆಯಿತು ಎಂದರೆ ಇರುವ ಮದ್ದು ಇದೊಂದೇ. ಮನೆಮನೆಗೂ ಮಿಕ್ಸಿ ಬಂದ ಮೇಲೆ ಕದಿರಮ್ಮನ ಕೂಗು ನಮ್ಮ ಲೈನಿನಲ್ಲಿ ಕೇಳಿ ವರ್ಷಗಳೇ ಆಗಿದ್ದವು. ಆವತ್ತು ಅವಳು ಇಡೀ ಲೈನು ತಿರುಗಿದರೂ ಒಂದು ಕಲ್ಲೂ ಸಿಕ್ಕಿರಲಿಲ್ಲ. ನಮ್ಮ ಒರಳಿನಲ್ಲೂ ಈಗ ಕೋಳಿಗಳು ನೀರು ಕುಡಿಯುತ್ತವೆ. ಬಾಗಿಲಿಗೆ ಬಂದವಳನ್ನು ಬರಿಗೈಲಿ ಕಳಿಸಲಾರದೆ ಅತ್ತೆ ನನ್ನ ಕಲ್ಲು ತಂದು ಅವಳ ಮುಂದಿಟ್ಟಿದ್ದರು.

ನೋಡಿದೆ. ಅಂಚಿನುದ್ದಕ್ಕೂ ಚುಕ್ಕಿಯ ಬಳ್ಳಿ, ಮೂಲೆಯಲ್ಲೊಂದು ಎಲೆ, ನಡುವೆ ಅರಳಿದ ತಾವರೆ. ಗುಳಿಗಳಲ್ಲಿ ಬಿಳಿಯದೇನೋ ಕೂತಿತ್ತು.

"ಇದ್ಯಾವೂರ್ ಕಲ್ಲಮ್ಮ, ಬೆಣ್ಣೆ ಅಂಗೈತೆ," ಎಂದಳು ಕದಿರಮ್ಮ ಹಿಗ್ಗಿನಿಂದ. "ಮೊದಲ್ನೇ ಏಟು ಜೋರಾಗ್ ಬಿತ್ತು, ಆ ಎಲೆತಾವ. ಆಮ್ಯಾಕೆ ಗೊತ್ತಾಯ್ತು ಮೆತ್ತಗೈತೆ ಅಂತ. ಕರಿಕಲ್ನಾಗೆ ಇಂಥ ಊವು ಬರಾಕಿಲ್ಲ."

"ಅಕ್ಕೀನೂ ಅರೆದ್ ನೋಡ್ದೆ," ಎಂದರು ಅತ್ತೆ. "ನುಣ್ಣಗ್ ಬಂತು. ಒಸಿ ಮಣ್ ಮಣ್ ಅಂತದೆ, ನಾಕ್ ಸಲ ಅರೆದ್ರೆ ಓಯ್ತದೆ."

ನನ್ನ ಮೂಗಿನ ತುದಿಯ ಕೋಪ ನೆತ್ತಿಗೇರಿತು.

"ಅತ್ತೇ! ಏನ್ ಕೆಲ್ಸ ಮಾಡಿದ್ರಿ ನೀವು! ಇದೇನ್ ಚಟ್ನಿ ಅರೆಯೋ ಕಲ್ಲಾ? ಇದ್ರ ಮೈ ನುಣ್ಣಗೆ, ಮಟ್ಟಸ ಇರ್ಬೇಕು. ನಾಳೆ ಬೆಳಿಗ್ಗೆ ಆ ಯಪ್ಪ ಬತ್ತಾರೆ. ಈ ಗುಳಿ ಮ್ಯಾಲೆ ಚಾಕು ಇಟ್ರೆ ಬಾಯೇ ಕಿತ್ಕೊಂಡ್ ಓಯ್ತದೆ. ನನ್ ಮೇಜು ಮುಳುಗಿಸ್ಬುಟ್ರಲ್ಲ!"

ಪಕ್ಕದ ಮನೆಯ ಸೆಲ್ವಿ ಬಾಗಿಲಿಗೆ ಬಂದಳು. ಕದಿರಮ್ಮ ಕಾಫಿ ಲೋಟ ಕೆಳಗಿಟ್ಟು ಉಳಿಗಳನ್ನು ಚೀಲಕ್ಕೆ ಹಾಕತೊಡಗಿದಳು. ಅತ್ತೆಯ ಮುಖದ ಬೆಳಕು ಆರಿಹೋಯಿತು.

"ಸವೆದೋಗೈತೆ ಅಂತ ನೀನೇ ಅಂದ್ಯಲ್ಲೇ," ಎಂದರು ಮೆಲ್ಲಗೆ.

ಅಷ್ಟೇ ಮಾತು. ಹೌದು, ನಾನೇ ಅಂದಿದ್ದೆ. ಒಳ್ಳೆಯದು ಮಾಡಲು ಹೋದವರ ಮೇಲೆ ಹಾರಾಡಿದ್ದಕ್ಕೆ ನಾಚಿಕೆಯಾಯಿತು. ಕೋಪ ಇಳಿಯುತ್ತಿದ್ದ ಹಾಗೆ ಅಳು ಏರಿತು, ಈ ಸಲ ನೆಪಕ್ಕೆ ಪಾನಿಪುರಿಯೂ ಇರಲಿಲ್ಲ. ಅತ್ತೆ ನನ್ನ ಪಕ್ಕ ಕೂತು ಬೆನ್ನು ಸವರಿದರು.

"ಸರಿ ಮಾಡಾಕ್ ಆಗಾಕಿಲ್ವಾ?"

"ಆಯ್ತದೆ ಅತ್ತೆ, ಮೆತ್ತನೆ ಕಲ್ಲು. ಗುಳಿ ಓಗೋವರ್ಗೂ ತಿಕ್ಕಿದ್ರೆ ಆಯ್ತದೆ. ಪೇಪರ್ ಐತೆ. ಅಡಿಗೆ ಹಾಸಾಕೆ ಗಾಜೇ ಇಲ್ಲ."

ನಮ್ಮ ಲೈನ್ ಮನೆಗಳ ಕಿಟಕಿಗೆ ತಗಡು ಹೊಡೆದವರುಂಟು, ರಟ್ಟು ಸಿಕ್ಕಿಸಿದವರುಂಟು, ಗಾಜು ಇಟ್ಟವರಿಲ್ಲ. ಸೆಲ್ವಿ ಓಡಿಹೋಗಿ ತನ್ನ ಮನೆಯ ಕನ್ನಡಿ ತಂದಳು. ಅದು ಅಂಗೈ ಅಗಲ.

ಆಗ ಅತ್ತೆ ಎದ್ದು ಒಳಗೆ ಹೋದರು. ನಡುಮನೆಯ ಗೋಡೆಯಲ್ಲಿ ಮಾವ ಬೈರಪ್ಪನವರ ದೊಡ್ಡ ಫೋಟೋ ಇದೆ. ಖಾಕಿ ಅಂಗಿ, ಗಂಧದ ಸಿಪ್ಪೆಯ ಹಾರ. ಗಣಿಯಲ್ಲಿ ಮೊಂಡಾಗಿ ಮೇಲೆ ಬರುತ್ತಿದ್ದ ಡ್ರಿಲ್ ಕಂಬಿಗಳನ್ನು ಕಾಯಿಸಿ ಬಡಿದು ಮತ್ತೆ ಚೂಪು ಮಾಡುವ ಶೆಡ್ಡಿನಲ್ಲಿ ಅವರು ದುಡಿದವರು. ಆ ಫೋಟೋವನ್ನು ಮುಟ್ಟುವ ಅಧಿಕಾರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸುಣ್ಣ ಹೊಡೆಯುವವನೂ ಅದನ್ನು ಇಳಿಸದೆ ಸುತ್ತಲೂ ಬಳಿದು ಹೋಗುತ್ತಿದ್ದ. ಅತ್ತೆ ಸ್ಟೂಲು ಹತ್ತಿ ಎರಡು ಕೈಯಿಂದ ಫೋಟೋ ಇಳಿಸಿದರು. ಗೋಡೆಯ ಮೇಲೆ ಹಳೆಯ ನೀಲಿ ಬಣ್ಣದ ಚೌಕ ಕಾಣಿಸಿತು.

"ಅತ್ತೆ, ಬೇಡ," ಎಂದೆ. ನನಗೆ ನಿಜವಾಗಿಯೂ ಭಯವಾಯಿತು.

"ಗಾಜು ಸುಳ್ಳೇಳಲ್ಲ ಅಂತೀಯಲ್ಲ ಯಾವಾಗ್ಲೂ. ಇದು ಅವ್ರ ಗಾಜು. ಅವ್ರೂ ಯಾವತ್ತೂ ಸುಳ್ಳೇಳ್ದೋರಲ್ಲ," ಎಂದು ಕದಿರಮ್ಮನ ಮುಂದೆ ಫೋಟೋ ಬೋರಲಾಗಿ ಇಟ್ಟರು. "ಎಲ್ಲಿ, ನಿನ್ ಉಳಿ ತೆಗಿ."

ಕದಿರಮ್ಮ ಚೀಲದಿಂದ ಉಳಿ ತೆಗೆದು ಹಿಂದಿನ ಮೊಳೆಗಳನ್ನು ಒಂದೊಂದಾಗಿ ನಾಜೂಕಾಗಿ ಎಬ್ಬಿಸಿದಳು. ಅತ್ತೆ ಮಾವನ ಚಿತ್ರವನ್ನು ಹೊರತೆಗೆದು, ಸೆರಗಿನಿಂದ ಧೂಳು ಒರೆಸಿ, ಬಾಗಿಲ ಪಕ್ಕ ಒರಗಿಸಿ ನಿಲ್ಲಿಸಿದರು. "ಇಷ್ಟ್ ವರ್ಸ ಗಾಜೊಳ್ಗೇ ಇದ್ರಿ. ಒಸಿ ಗಾಳಿಗ್ ಕೂತ್ಕೊಳಿ," ಎಂದರು. ಸೆಲ್ವಿ ಕಿಸಕ್ಕನೆ ನಕ್ಕಳು. ಅತ್ತೆಯೂ ನಕ್ಕುಬಿಟ್ಟರು.

ಮಂಚದ ಹಲಗೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಗಾಜು, ಗಾಜಿನ ಮೇಲೆ ಪೇಪರ್. ಕಲ್ಲಿನ ಮೈಮೇಲೆ ಪೆನ್ಸಿಲಿನಿಂದ ಅಡ್ಡಡ್ಡ ಉದ್ದುದ್ದ ಗೆರೆ ಎಳೆದೆ. ಗೆರೆ ಅಳಿದ ಕಡೆ ಪೇಪರ್ ತಾಗಿದೆ, ಉಳಿದ ಕಡೆ ಇನ್ನೂ ತಗ್ಗಿದೆ ಎಂದು ತಿಳಿಯಲು ಅದೇ ದಾರಿ. ಮೊದಲು ನಾನು ತಿಕ್ಕಿದೆ, ಆಮೇಲೆ ಸೆಲ್ವಿ, ಆಮೇಲೆ ಕದಿರಮ್ಮ. ಇಟ್ಟಿಗೆ ಬಣ್ಣದ ಕೆಸರು ಮೊಣಕೈವರೆಗೂ ಏರಿತು. ಕದಿರಮ್ಮನ ತೋಳಿನ ಬಲ ನಮ್ಮಿಬ್ಬರಿಗೂ ಇರಲಿಲ್ಲ, ಆದರೆ ಅವಳದು ಬಡಿಯುವ ಕೈ, ರಭಸ ಜಾಸ್ತಿ.

"ನಿಧಾನ," ಎಂದೆ ನಾನು. ಮೊರಿಟಾ ಅವರ ದನಿಯೇ ನನ್ನ ಬಾಯಿಂದ ಬಂದ ಹಾಗಾಯಿತು.

"ನಾನೇ ಕುಟ್ಟಿದ್ ಊವ ನಾನೇ ಅಳಿಸ್ತಾ ಇವ್ನಿ," ಎಂದು ಕದಿರಮ್ಮ ನಕ್ಕಳು. "ಇಂಥ ಕೂಲಿ ಯಾವೂರಾಗೂ ಮಾಡಿಲ್ಲಮ್ಮ."

"ನೀರು," ಎಂದೆ. ಕುಡಿಯುವ ನೀರಿನ ಬಿಂದಿಗೆಯನ್ನು ಯಾರೂ ಸೋಕದ ಹಾಗೆ ಕಾಯುವ ಅತ್ತೆ ಅದರಿಂದಲೇ ಚೊಂಬುಚೊಂಬು ತುಂಬಿ ತಂದು ಕಲ್ಲಿನ ಮೇಲೆ ಹುಯ್ದರು. ಇದ್ದ ಪೇಪರೆಲ್ಲ ಒಂದೊಂದಾಗಿ ಸವೆಯಿತು. ಬಳ್ಳಿ ಹೋಯಿತು, ತಾವರೆಯ ಎಸಳುಗಳು ತೆಳುವಾಗುತ್ತ ಹೋದವು, ದೀಪ ಹಚ್ಚುವ ಹೊತ್ತಿಗೆ ನಡುವಿನ ಕೊನೆಯ ಚುಕ್ಕಿಯೂ ಹೋಯಿತು. ಮೂಲೆಯ ಎಲೆ ಮಾತ್ರ ಹೋಗಲಿಲ್ಲ. ಕದಿರಮ್ಮನ ಮೊದಲ ಏಟು ಅಷ್ಟು ಆಳ ಇಳಿದಿತ್ತು. ಚಾಕು ಆ ಮೂಲೆಗೆ ಹೋಗದ ಹಾಗೆ ನೋಡಿಕೊಂಡರಾಯಿತು ಎಂದು ಬಿಟ್ಟೆ. ಕದಿರಮ್ಮ ನಮ್ಮಲ್ಲೇ ಉಂಡು, ಅತ್ತೆ ಮಡಿಲಿಗೆ ಹಾಕಿದ ಅಕ್ಕಿ ಕಟ್ಟಿಕೊಂಡು ಹೋದಳು. ಅವಳಿಗೆ ಒಂದು ಒಳ್ಳೆಯ ಮಾತು ಹೇಳದೆ ಕಳಿಸಬಾರದೆಂದು ಬಾಗಿಲವರೆಗೂ ಹೋಗಿ, "ಊವು ಚೆಂದಾಗಿತ್ತಕ್ಕ," ಎಂದೆ. ಅದು ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಅತ್ತೆ ನೀರಿನ ಕ್ಯಾನು ಹಿಡಿದು ನನಗಿಂತ ಮುಂಚೆ ಆಟೋ ಹತ್ತಿ ಕೂತಿದ್ದರು. ಆಂಡರ್ಸನ್‌ಪೇಟೆಯ ನನ್ನ ಮೇಜಿಗೆ ಅವರು ಬಂದದ್ದು ಅದೇ ಮೊದಲು. ವೆಂಕಟೇಶಪ್ಪ ಗೋಣಿಚೀಲದಲ್ಲಿ ಸುತ್ತಿದ ಚಾಕುಗಳನ್ನು ಬಿಚ್ಚಿ ಹರಡಿದರು. ಬಾಯಿ ಮುಕ್ಕಾದವನ್ನು ಒರಟು ಕಲ್ಲಿಗೆ ಕೊಟ್ಟು, ಆಮೇಲೆ ಎಲ್ಲವನ್ನೂ ನಡುವಿನದರ ಮೇಲೆ ಎಳೆದೆ. ಕಲ್ಲು ಒಣಗುವ ಮುಂಚೆಯೇ ಅತ್ತೆಯ ಕೈಯಿಂದ ನೀರು ಬೀಳುತ್ತಿತ್ತು, ಕೇಳುವ ಕೆಲಸವೇ ಇರಲಿಲ್ಲ.

ವೆಂಕಟೇಶಪ್ಪ ಪಕ್ಕದ ಅಂಗಡಿಯಿಂದ ಒಂದು ಹಲಗೆಯನ್ನೂ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ತಂದರು. ಟೊಮೆಟೊ ಕೊಯ್ಯುವುದು ಸುಲಭ, ಕೊತ್ತಂಬರಿ ಹಾಗಲ್ಲ. ಚಾಕು ಸ್ವಲ್ಪ ಮೊಂಡಾಗಿದ್ದರೂ ಎಲೆ ಜಜ್ಜಿಹೋಗಿ ರಸ ಬಿಟ್ಟು ಹಲಗೆ ಹಸಿರಾಗುತ್ತದೆ. ಅವರು ಸೊಪ್ಪನ್ನು ಸಣ್ಣಗೆ ಹೆಚ್ಚಿ, ಅಂಗೈಯಿಂದ ಪಕ್ಕಕ್ಕೆ ಸರಿಸಿ, ಹಲಗೆಯನ್ನು ಬಗ್ಗಿ ನೋಡಿದರು. ಹಲಗೆ ಒಣಗಿತ್ತು.

"ಮದುವೆ ಮುಗಿಸ್ಕೊಂಡು ಉಳಿದಿದ್ ಚಾಕು ಎಲ್ಲಾ ತತ್ತೀನಮ್ಮ," ಎಂದರು. "ಇನ್ ಮಿಷನ್ ಸಾಣೆ ಸಾವಾಸ ಸಾಕು."

ನನಗೆ ಮಾತೇ ಹೊರಡಲಿಲ್ಲ. ಮುನೇಶ್ ಅಲ್ಲಿದ್ದಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ವೆಂಕಟೇಶಪ್ಪನ ಕಣ್ಣು ಕಲ್ಲಿನ ಮೂಲೆಗೆ ಬಿತ್ತು.

"ಇದೇನಮ್ಮ ಎಲೆ? ಜಪಾನ್ ಕಂಪ್ನಿ ಗುರ್ತಾ?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು: "ಊಂ ಕಣಪ್ಪ. ಅಸಲಿ ಮಾಲಿಗೆ ಮಾತ್ರ ಇರ್ತದೆ. ಎಲೆ ಇಲ್ದಿದ್ರೆ ಅದು ಡೂಪ್ಲಿಕೇಟು."

ಯುಗಾದಿ ಬಂದು ಹೋಯಿತು. ಗಾರ್ಮೆಂಟ್ ಬಸ್ಸು ನಾನಿಲ್ಲದೆಯೇ ಹೋಗುತ್ತಿದೆ. ಹಬ್ಬ ಕಳೆದ ಮೇಲೆ ಬಂಗಾರಪೇಟೆಗೆ ಹೋಗಿ ಎರಡು ಗಾಜು ಕೊಯ್ಯಿಸಿ ತಂದೆ, ಒಂದು ಫೋಟೋಗೆ, ಒಂದು ಕಲ್ಲಿಗೆ. ಆವರೆಗೂ ಮಾವ ಬಾಗಿಲ ಪಕ್ಕದಲ್ಲೇ ಗಾಳಿಗೆ ಕೂತಿದ್ದರು. ಅತ್ತೆ ಹೊಸ ಗಾಜನ್ನು ಚೌಕಟ್ಟಿಗೆ ಹಾಕಿಸಿ, ಹಾರ ಏರಿಸಿ, ನೀಲಿ ಚೌಕದ ಮೇಲೆಯೇ ಫೋಟೋ ತೂಗುಹಾಕಿದರು. ಆಮೇಲೆ ಎರಡನೆಯ ಗಾಜನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇದ್ಯಾಕ್ ತಂದೆ?"

"ಕಲ್ ಮಟ್ಟ ಮಾಡಾಕೆ ಅತ್ತೆ. ಮಾವನ್ ಗಾಜು ನಿಮ್ಗೇ ಕೊಡೋಣ ಅಂತ ತೊಳೆದ್ ಇಟ್ಟಿವ್ನಿ."

ಅತ್ತೆ ಹಳೆಯ ಗಾಜನ್ನು ಕೈಗೆತ್ತಿಕೊಂಡರು. ಅಂಚಿನಲ್ಲೆಲ್ಲ ನಮ್ಮ ತಿಕ್ಕಾಟದ ಗೀರು ಬಿದ್ದು ಮಬ್ಬಾಗಿತ್ತು. ಅದನ್ನು ಬೆರಳಿನಿಂದ ಸವರಿದರು.

"ಗಣಿ ಮುಚ್ಚಿದ್ ಮ್ಯಾಲೆ ನಿಮ್ ಮಾವ ಕೈ ಖಾಲಿ ಕೂತು ಕೂತೇ ಸೊರಗೋದ್ರು ಕಣೇ," ಎಂದರು. "ಸತ್ ಮ್ಯಾಲೂ ನಾನು ಗೋಡೆ ಮ್ಯಾಲೆ ಸುಮ್ನೆ ಕೂರಿಸ್ಬುಟ್ಟಿದ್ದೆ. ಅವ್ರ ಗಾಜಾದ್ರೂ ಕೆಲ್ಸ ಮಾಡ್ಲಿ ಬುಡು. ಒಸ ಗಾಜು ಅಟ್ಟದ್ ಮ್ಯಾಲಿಡು."

ಗಾಜನ್ನು ಅವರೇ ಮಂಚದ ಹಲಗೆಯ ಮೇಲೆ ಹಾಸಿದರು. ನಾನು ಪೇಪರ್ ಒದ್ದೆ ಮಾಡಿ, ಗೆರೆ ಎಳೆದು, ಕಲ್ಲನ್ನು ಬೋರಲು ಹಾಕಿದೆ. ಅತ್ತೆ ಬಿಂದಿಗೆಯಿಂದ ನೀರು ತಂದು ಹುಯ್ದರು.